ಡಿಲೀಟ್ ಮಾಡಿದ ಫೋಟೋ ಎಲ್ಲಿ ಹೋಗುತ್ತದೆ? ಫೋನಿನ ‘ಖಾಲಿ ಜಾಗ’ದ ಒಳಗುಟ್ಟು

“ನೀವು ಡಿಲೀಟ್ ಮಾಡಿದ ಫೋಟೋ, ವಿಡಿಯೋ ಯಾವುದೂ ಅಳಿಯುವುದಿಲ್ಲ. ಅದೇ ಜಾಗದಲ್ಲಿ ಬೇರೆ ಆ್ಯಪ್ ಬಂದು ಕೂತರೆ ನಿಮ್ಮ ಹಳೆಯ ಫೋಟೋಗಳೆಲ್ಲ ಅದರ ಕೈಗೆ ಸಿಗುತ್ತವೆ. ಫ್ಯಾಕ್ಟರಿ ರೀಸೆಟ್ ಮಾಡಿದರೂ ಪ್ರಯೋಜನವಿಲ್ಲ. ಹಳೆಯ ಫೋನ್ ಯಾರಿಗೂ ಮಾರಬೇಡಿ. ನಿಮ್ಮ ಅಕ್ಕ-ತಂಗಿಯರಿಗೆಲ್ಲ ಕಳಿಸಿ.”

ಇದೇ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಲವದರಲ್ಲಿ ಕೊನೆಗೆ ಒಂದು ಆ್ಯಪ್‌ನ ಹೆಸರೂ ಇರುತ್ತದೆ: ಅದನ್ನು ಹಾಕಿಕೊಂಡರೆ ಖಾಲಿ ಜಾಗವನ್ನು 35 ಬಾರಿ ಉಜ್ಜಿ ತೊಳೆದುಕೊಡುತ್ತದೆಯಂತೆ.

ಇಂತಹ ಸಂದೇಶವನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ಒಂದು ಪಾಲು ನಿಜ, ಒಂದು ಪಾಲು ಹತ್ತು ವರ್ಷದ ಹಿಂದೆ ನಿಜವಾಗಿದ್ದ ಮಾತು, ಇನ್ನೊಂದು ಪಾಲು ಯಾವತ್ತೂ ನಿಜವಲ್ಲದ್ದು. ಯಾವುದು ಯಾವುದು ಎಂದು ಬಿಡಿಸಿ ನೋಡಬೇಕಾದರೆ ಆಪರೇಟಿಂಗ್ ಸಿಸ್ಟಂ ಫೈಲುಗಳಿಗೆ ಜಾಗವನ್ನು ಹೇಗೆ ಹಂಚುತ್ತದೆ, ಹಂಚುವಾಗ ಅಲ್ಲಿದ್ದ ಹಳೆಯದನ್ನು ಏನು ಮಾಡುತ್ತದೆ ಎನ್ನುವುದನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಒಂದೇ ನೋಟಕ್ಕೆ ಉತ್ತರ

• ಡಿಲೀಟ್ ಮಾಡಿದ ಕ್ಷಣದಲ್ಲೇ ಮಾಹಿತಿ ಅಳಿಯುವುದಿಲ್ಲ: ನಿಜ.
• ಆ ಜಾಗಕ್ಕೆ ಬಂದ ಬೇರೆ ಆ್ಯಪ್ ಹಳೆಯದನ್ನು ಓದಿಬಿಡುತ್ತದೆ: ಸುಳ್ಳು. ಹಾಗಾಗದಂತೆ ತಡೆಯುವುದು ಆಪರೇಟಿಂಗ್ ಸಿಸ್ಟಂನ ಮೂಲ ಕೆಲಸಗಳಲ್ಲಿ ಒಂದು.
• ಫ್ಯಾಕ್ಟರಿ ರೀಸೆಟ್ ಮಾಡಿದರೂ ಎಲ್ಲ ಉಳಿಯುತ್ತದೆ: ತೀರಾ ಹಳೆಯ ಫೋನುಗಳ ಮಟ್ಟಿಗೆ ನಿಜ, ಇಂದಿನವಕ್ಕೆ ಅಲ್ಲ.
• 35 ಬಾರಿ ಅಳಿಸಬೇಕು: ಇಲ್ಲ.
• ಮೆಮೊರಿ ಕಾರ್ಡ್ ಮತ್ತು ಪೆನ್ ಡ್ರೈವ್: ಇವುಗಳ ವಿಷಯದಲ್ಲಿ ಎಚ್ಚರ ಬೇಕು.

ಜಾಗ ಹಂಚುವುದು ಹೇಗೆ?

ನಿಮ್ಮ ಫೋನಿನಲ್ಲಿ 128 ಜಿಬಿ ಜಾಗ ಇದೆ ಎಂದುಕೊಳ್ಳಿ. ಆಪರೇಟಿಂಗ್ ಸಿಸ್ಟಂ ಅದನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿಕೊಂಡಿರುತ್ತದೆ. ಇವುಗಳಿಗೆ ಬ್ಲಾಕ್ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಕ್ಲಸ್ಟರ್ ಎಂಬ ಹೆಸರು. ಆಂಡ್ರಾಯ್ಡ್ ಫೋನುಗಳಲ್ಲೂ ವಿಂಡೋಸ್ ಕಂಪ್ಯೂಟರುಗಳಲ್ಲೂ ಸಾಮಾನ್ಯವಾಗಿ ಒಂದು ಬ್ಲಾಕ್‌ನ ಅಳತೆ 4,096 ಬೈಟ್. ಹೊಲವನ್ನು ಸರ್ವೆ ನಂಬರುಗಳಾಗಿ ಒಡೆದ ಹಾಗೆ.

ಯಾವ ಬ್ಲಾಕ್ ಯಾವ ಫೈಲಿಗೆ ಸೇರಿದ್ದು, ಯಾವುದು ಖಾಲಿ ಇದೆ ಎಂಬ ಲೆಕ್ಕವನ್ನು ಬರೆದಿಡುವ ವ್ಯವಸ್ಥೆಯೇ ಫೈಲ್ ಸಿಸ್ಟಂ. ವಿಂಡೋಸ್‌ನ ಎನ್‌ಟಿಎಫ್‌ಎಸ್, ಆಂಡ್ರಾಯ್ಡ್‌ನ ಇಎಕ್ಸ್‌ಟಿ4 ಮತ್ತು ಎಫ್‌2ಎಫ್‌ಎಸ್, ಐಫೋನಿನ ಎಪಿಎಫ್‌ಎಸ್, ಮೆಮೊರಿ ಕಾರ್ಡುಗಳ ಎಫ್‌ಎಟಿ32 ಮತ್ತು ಎಕ್ಸ್‌ಫ್ಯಾಟ್ ಎಲ್ಲವೂ ಇದೇ ಕೆಲಸ ಮಾಡುವಂಥವು. ರೈತರ ಭಾಷೆಯಲ್ಲಿ ಹೇಳುವುದಾದರೆ ಇವು ಪಹಣಿ ಪುಸ್ತಕಗಳು. ಹೊಲ ಬೇರೆ, ಹೊಲದ ಪಹಣಿ ಬೇರೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಬ್ಲಾಕ್‌ಗಳನ್ನು ಅರ್ಧ, ಕಾಲು ಎಂದು ಕೊಡಲಾಗುವುದಿಲ್ಲ. 10,000 ಬೈಟ್‌ನ ಒಂದು ಫೈಲಿಗೆ ಮೂರು ಬ್ಲಾಕ್ ಬೇಕು, ಅಂದರೆ 12,288 ಬೈಟ್. ಕೊನೆಯ ಬ್ಲಾಕ್‌ನಲ್ಲಿ 2,288 ಬೈಟ್ ಬಳಕೆಯಾಗದೆ ಉಳಿಯುತ್ತದೆ. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದರೆ ‘ಸೈಜ್’ ಮತ್ತು ‘ಸೈಜ್ ಆನ್ ಡಿಸ್ಕ್’ ಎಂದು ಎರಡು ಸಂಖ್ಯೆ ಕಾಣುವುದು ಇದೇ ಕಾರಣಕ್ಕೆ.

ಡಿಲೀಟ್ ಒತ್ತಿದಾಗ ಆಗುವುದೇನು?

ಫೋನಿನ ಗ್ಯಾಲರಿಯಲ್ಲಿ ಡಿಲೀಟ್ ಒತ್ತಿದರೆ ಫೋಟೋ ಮೊದಲು ಹೋಗುವುದು ಕಸದ ಬುಟ್ಟಿಗೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿರುವ ಚಿತ್ರ 60 ದಿನ, ಐಫೋನಿನಲ್ಲಿ 30 ದಿನ ಹಾಗೇ ಬಿದ್ದಿರುತ್ತದೆ. ಈ ಹಂತದಲ್ಲಿ ಯಾವುದೂ ಅಳಿದಿರುವುದಿಲ್ಲ. ಯಾರು ಬೇಕಾದರೂ ಬುಟ್ಟಿ ತೆರೆದು ವಾಪಸ್ ತೆಗೆಯಬಹುದು. “ಡಿಲೀಟ್ ಆದ ಫೋಟೋ ಮರಳಿ ತಂದುಕೊಡುತ್ತೇವೆ” ಎನ್ನುವ ಹಲವು ಆ್ಯಪ್‌ಗಳ ಚಮತ್ಕಾರ ಇಷ್ಟೇ: ಕಸದ ಬುಟ್ಟಿಯಲ್ಲಿರುವುದನ್ನೋ, ಬೇರೆ ಆ್ಯಪ್‌ಗಳು ಉಳಿಸಿಕೊಂಡಿರುವ ಪುಟ್ಟ ಥಂಬ್‌ನೇಲ್ ಚಿತ್ರಗಳನ್ನೋ ಹುಡುಕಿ ತೋರಿಸುವುದು.

ಬುಟ್ಟಿಯಿಂದಲೂ ತೆಗೆದಾಗ ಫೈಲ್ ಸಿಸ್ಟಂ ತನ್ನ ಪುಸ್ತಕದಲ್ಲಿ ಆ ಫೈಲಿನ ಹೆಸರು ಹೊಡೆದುಹಾಕಿ, ಅದರ ಬ್ಲಾಕ್‌ಗಳ ಮುಂದೆ ‘ಖಾಲಿ’ ಎಂದು ಬರೆದುಕೊಳ್ಳುತ್ತದೆ. ಬ್ಲಾಕ್‌ಗಳನ್ನು ಮುಟ್ಟುವುದಿಲ್ಲ. ಪಹಣಿಯಿಂದ ಹೆಸರು ಹೋದ ಮಾತ್ರಕ್ಕೆ ಹೊಲದಲ್ಲಿ ನಿಂತ ರಾಗಿ ಮಾಯವಾಗುವುದಿಲ್ಲವಲ್ಲ, ಹಾಗೆ. ಎಫ್‌ಎಟಿ ವ್ಯವಸ್ಥೆಯ ಪೆನ್ ಡ್ರೈವುಗಳಲ್ಲಂತೂ ಇದು ಇನ್ನೂ ಸರಳ: ಪಟ್ಟಿಯಲ್ಲಿ ಫೈಲಿನ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ‘ಇದು ಅಳಿದದ್ದು’ ಎನ್ನುವ ಒಂದು ಗುರುತನ್ನು ಹಾಕಲಾಗುತ್ತದೆ, ಹೆಸರಿನ ಉಳಿದ ಅಕ್ಷರಗಳು ಹಾಗೇ ಇರುತ್ತವೆ.

ಇದು ಸೋಮಾರಿತನವಲ್ಲ. 2 ಜಿಬಿಯ ಸಿನಿಮಾ ಡಿಲೀಟ್ ಮಾಡಲು 2 ಜಿಬಿ ಸೊನ್ನೆ ಬರೆಯುತ್ತಾ ಕೂತರೆ ಫೋನ್ ನಿಧಾನವಾಗುತ್ತದೆ, ಬ್ಯಾಟರಿ ಖರ್ಚಾಗುತ್ತದೆ, ಮೆಮೊರಿಯ ಆಯುಷ್ಯವೂ ಸವೆಯುತ್ತದೆ. ಹೇಗೂ ಮುಂದೆ ಆ ಜಾಗದಲ್ಲಿ ಬೇರೇನೋ ಬರೆಯುವುದಿದೆ.

ಹಾಗಾದರೆ ಹೊಸದಾಗಿ ಬಂದವರಿಗೆ ಹಳೆಯದು ಕಾಣುವುದಿಲ್ಲವೇ?

ಫಾರ್ವರ್ಡ್ ಸಂದೇಶ ತಪ್ಪುವುದು ಇಲ್ಲೇ.

ಯಾವುದೋ ಆಟದ ಆ್ಯಪ್ 1 ಜಿಬಿಯ ಹೊಸ ಫೈಲ್ ಮಾಡಿ ಜಾಗ ಕೇಳಿತು ಎಂದುಕೊಳ್ಳಿ. ಆಪರೇಟಿಂಗ್ ಸಿಸ್ಟಂ ಕೊಟ್ಟ ಬ್ಲಾಕ್‌ಗಳಲ್ಲಿ ನಿಮ್ಮ ಡಿಲೀಟ್ ಆದ ಫೋಟೋಗಳ ಬೈಟ್‌ಗಳು ಇನ್ನೂ ಇವೆ. ಆ ಆ್ಯಪ್ ಏನನ್ನೂ ಬರೆಯದೆ, “ನನ್ನ ಫೈಲಿನಲ್ಲಿ ಏನಿದೆ ಓದಿ ಹೇಳು” ಎಂದು ಕೇಳಿದರೆ?

ಬರುವ ಉತ್ತರ: ಸೊನ್ನೆ, ಸೊನ್ನೆ, ಸೊನ್ನೆ. ಫೈಲಿನ ಕೊನೆಯವರೆಗೂ ಸೊನ್ನೆ.

ಇದು ಕಾಕತಾಳೀಯವಲ್ಲ, ನಿಯಮ. ಯುನಿಕ್ಸ್ ಬಳಗದ ಸಿಸ್ಟಂಗಳು ಪಾಲಿಸುವ ಪೋಸಿಕ್ಸ್ ಎಂಬ ಮಾನದಂಡ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿದೆ: ಒಂದು ಫೈಲನ್ನು ಉದ್ದ ಮಾಡಿದರೆ, ಹೊಸದಾಗಿ ಸೇರಿದ ಭಾಗ ಸೊನ್ನೆಗಳಿಂದ ತುಂಬಿದಂತೆ ಕಾಣಬೇಕು. ಆಂಡ್ರಾಯ್ಡ್‌ನ ತಳಹದಿಯಾದ ಲಿನಕ್ಸ್ ಈ ನಿಯಮ ಪಾಲಿಸುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲೂ ಬರೆಯದ ಭಾಗವನ್ನು ಓದಿದರೆ ಸಿಗುವುದು ಸೊನ್ನೆಯೇ.

ಹಾಗಿದ್ದರೆ ಜಾಗ ಕೊಡುವಾಗ ಸೊನ್ನೆ ಬರೆದು ಕೊಡುತ್ತದೆಯೇ? ಹೆಚ್ಚಿನ ಸಲ ಅದೂ ಇಲ್ಲ. ಸೊನ್ನೆ ಬರೆಯದೆ ಸೊನ್ನೆ ತೋರಿಸುವ ಉಪಾಯಗಳನ್ನು ಅದು ಇಟ್ಟುಕೊಂಡಿದೆ.

ಮೊದಲ ಉಪಾಯ: ‘ಇಲ್ಲಿಯವರೆಗೆ ಬರೆದಾಗಿದೆ’ ಎಂಬ ಗೆರೆ

200 ಪುಟದ ನೋಟ್‌ಬುಕ್ ಒಂದರಲ್ಲಿ ನೀವು 20ನೇ ಪುಟದವರೆಗೆ ಬರೆದಿದ್ದೀರಿ. ಉಳಿದ ಪುಟಗಳಲ್ಲಿ ಹಿಂದಿನವರು ಬರೆದದ್ದು ಇದೆ. ನೋಟ್‌ಬುಕ್ ನಿಮ್ಮ ಕೈಯಲ್ಲಿಲ್ಲ, ಒಬ್ಬ ಗುಮಾಸ್ತರ ಕೈಯಲ್ಲಿದೆ. 50ನೇ ಪುಟ ತೋರಿಸಿ ಎಂದರೆ ಅವರು ಆ ಪುಟ ತೆರೆಯುವುದೇ ಇಲ್ಲ. “ನೀವು ಬರೆದದ್ದು 20ರವರೆಗೆ ಮಾತ್ರ” ಎಂದು ಹೇಳಿ ಒಂದು ಬಿಳಿ ಹಾಳೆ ಕೊಡುತ್ತಾರೆ.

ಎನ್‌ಟಿಎಫ್‌ಎಸ್ ಮಾಡುವುದು ಇದನ್ನೇ. ಪ್ರತಿ ಫೈಲಿಗೂ ಅದು ಮೂರು ಅಳತೆಗಳನ್ನು ಬರೆದಿಡುತ್ತದೆ: ಎಷ್ಟು ಜಾಗ ಕೊಟ್ಟಾಗಿದೆ, ಫೈಲಿನ ಉದ್ದ ಎಷ್ಟು, ಅದರಲ್ಲಿ ನಿಜವಾಗಿ ಬರೆದದ್ದು ಎಲ್ಲಿಯವರೆಗೆ. ಮೂರನೆಯದಕ್ಕೆ ‘ವ್ಯಾಲಿಡ್ ಡೇಟಾ ಲೆಂತ್’ ಎಂದು ಹೆಸರು. ಆ ಗೆರೆಯಾಚೆಗಿನದನ್ನು ಓದಲು ಹೋದರೆ ಡಿಸ್ಕ್ ಕಡೆ ತಿರುಗಿಯೂ ನೋಡದೆ ಸೊನ್ನೆಗಳನ್ನು ಕೊಡಲಾಗುತ್ತದೆ.

ಇದಕ್ಕೊಂದು ಬೆಲೆಯೂ ಇದೆ. ಪ್ರೋಗ್ರಾಂ ಒಂದು ದೊಡ್ಡ ಫೈಲ್ ಮಾಡಿ ಕೊನೆಯ ಒಂದು ಬೈಟ್ ಮಾತ್ರ ಬರೆದರೆ, ಗೆರೆ ಅಲ್ಲಿಯವರೆಗೆ ಸರಿಯಬೇಕು. ಆಗ ನಡುವಿನದೆಲ್ಲವನ್ನೂ ನಿಜವಾಗಿಯೇ ಸೊನ್ನೆಯಿಂದ ತುಂಬಬೇಕಾಗುತ್ತದೆ. ಒಂದು ಬೈಟ್ ಬರೆಯಲು ಕಂಪ್ಯೂಟರ್ ಹಲವು ನಿಮಿಷ ತೆಗೆದುಕೊಂಡರೆ ಅದು ಈ ಕಾರಣಕ್ಕೂ ಇರಬಹುದು.

ಎಫ್‌ಎಟಿ32ರ ಪುಸ್ತಕದಲ್ಲಿ ಈ ಗೆರೆಯನ್ನು ಬರೆದಿಡಲು ಜಾಗವೇ ಇಲ್ಲ. ಹಾಗಾಗಿ ಅಲ್ಲಿ ಸೊನ್ನೆಗಳನ್ನು ನಿಜವಾಗಿಯೇ ಬರೆಯಬೇಕು. ಅದರ ನಂತರ ಬಂದ ಎಕ್ಸ್‌ಫ್ಯಾಟ್‌ನಲ್ಲಿ ಈ ಕೊರತೆಯನ್ನು ಸರಿಪಡಿಸಲಾಗಿದೆ.

ಎರಡನೆಯ ಉಪಾಯ: ‘ಕೊಟ್ಟಾಗಿದೆ, ಬರೆದಿಲ್ಲ’ ಎಂಬ ಗುರುತು

ದೊಡ್ಡ ಫೈಲ್ ಡೌನ್‌ಲೋಡ್ ಮಾಡುವ ಕೆಲವು ಪ್ರೋಗ್ರಾಂಗಳಲ್ಲಿ, ಡೌನ್‌ಲೋಡ್ ಶುರುವಾದ ಕೂಡಲೇ ಫೈಲ್ ಪೂರ್ತಿ ಅಳತೆಯಲ್ಲಿ ಕಾಣುವುದನ್ನು ನೀವು ಗಮನಿಸಿರಬಹುದು. ಅರ್ಧಕ್ಕೆ ಬಂದಾಗ ಜಾಗ ಸಾಲದೆ ನಿಲ್ಲಬಾರದೆಂದು ಮೊದಲೇ ಜಾಗ ಕಾಯ್ದಿರಿಸುತ್ತವೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ.

ಲಿನಕ್ಸ್‌ನಲ್ಲಿ ಇದಕ್ಕಾಗಿಯೇ ಒಂದು ಸೌಲಭ್ಯವಿದೆ, ಹೆಸರು ಫಾಲೊಕೇಟ್, 2007ರಲ್ಲಿ ಸೇರಿಕೊಂಡದ್ದು. ಇಎಕ್ಸ್‌ಟಿ4 ಹೀಗೆ ಕಾಯ್ದಿರಿಸಿದ ಬ್ಲಾಕ್‌ಗಳ ಮೇಲೆ ‘ಇನ್ನೂ ಬರೆದಿಲ್ಲ’ ಎಂಬ ಗುರುತು ಹಾಕಿಡುತ್ತದೆ. ಗುರುತು ಇರುವವರೆಗೆ ಓದಿದವರಿಗೆಲ್ಲ ಸೊನ್ನೆಯೇ. ನಿಜವಾದ ಮಾಹಿತಿ ಬಂದು ಬಿದ್ದ ಭಾಗದ ಗುರುತನ್ನು ಮಾತ್ರ ತೆಗೆಯಲಾಗುತ್ತದೆ.

ಮೂರನೆಯ ಉಪಾಯ: ಜಾಗವನ್ನೇ ಕೊಡದಿರುವುದು

ಇನ್ನೊಂದು ಬಗೆಯಲ್ಲಿ ಫೈಲಿನ ಉದ್ದ 1 ಜಿಬಿ ಎಂದು ಪುಸ್ತಕದಲ್ಲಿ ಬರೆದರೂ ಒಂದು ಬ್ಲಾಕನ್ನೂ ಕೊಟ್ಟಿರುವುದಿಲ್ಲ. ಇಂಥವನ್ನು ಸ್ಪಾರ್ಸ್ ಫೈಲ್ ಎನ್ನುತ್ತಾರೆ, ಅಂದರೆ ತೂತುಗಳಿರುವ ಫೈಲ್. ತೂತಿನಲ್ಲಿ ಕೈಹಾಕಿದರೆ ಸಿಗುವುದು ಸೊನ್ನೆ. ಬರೆಯಲು ಹೋದಾಗ ಮಾತ್ರ ನಿಜವಾದ ಬ್ಲಾಕ್ ಸಿಗುತ್ತದೆ. ಲಿನಕ್ಸ್, ಎನ್‌ಟಿಎಫ್‌ಎಸ್, ಎಪಿಎಫ್‌ಎಸ್ ಎಲ್ಲದರಲ್ಲೂ ಈ ಸೌಲಭ್ಯ ಇದೆ.

ಉಪಾಯ ಯಾವುದೇ ಆದರೂ ಫಲ ಒಂದೇ: ಹೊಸದಾಗಿ ಜಾಗ ಪಡೆದ ಆ್ಯಪ್ ತಾನು ಬರೆದದ್ದನ್ನು ಓದಬಹುದು, ಇಲ್ಲವೇ ಸೊನ್ನೆ ಓದಬಹುದು. ನಿಮ್ಮ ಹಳೆಯ ಫೋಟೋ ಓದಲಾಗದು. ಆ್ಯಪ್‌ಗಳು ನಿಮ್ಮ ಫೋಟೋ ನೋಡುವ ದಾರಿ ಬೇರೆಯೇ ಇದೆ. ಹಾಕಿಕೊಳ್ಳುವಾಗ “ಫೋಟೋ ಮತ್ತು ವಿಡಿಯೋ ನೋಡಲು ಅನುಮತಿ ಕೊಡುತ್ತೀರಾ” ಎಂದು ಕೇಳಿದ್ದಕ್ಕೆ ನಾವು ಓದದೆ ಒತ್ತುವ ‘ಅಲೋ’ ಬಟನ್ನೇ ಆ ದಾರಿ. ಅದರಿಂದ ಸಿಗುವುದು ಡಿಲೀಟ್ ಆದದ್ದಲ್ಲ, ಈಗ ಗ್ಯಾಲರಿಯಲ್ಲಿ ಇರುವುದು. ಹೆದರಬೇಕಾದ್ದು ಇದಕ್ಕೆ.

ಈ ನಿಯಮ ಬಂದದ್ದು ಯಾಕೆ?

ಹಿಂದೆ ಒಂದೇ ದೊಡ್ಡ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಂಡು ಬಳಸುತ್ತಿದ್ದರು. ಒಬ್ಬರು ಬಿಟ್ಟ ಜಾಗ ಇನ್ನೊಬ್ಬರಿಗೆ ಸಿಗುತ್ತಿತ್ತು. ಒಬ್ಬರ ಗುಟ್ಟು ಮತ್ತೊಬ್ಬರಿಗೆ ತಿಳಿಯುವ ಅಪಾಯ ಅಲ್ಲಿಂದಲೇ ಶುರು. ಅಮೆರಿಕದ ರಕ್ಷಣಾ ಇಲಾಖೆ 1980ರ ದಶಕದಲ್ಲಿ ಸುರಕ್ಷಿತ ಕಂಪ್ಯೂಟರುಗಳಿಗೆ ಮಾನದಂಡಗಳನ್ನು ರೂಪಿಸಿತು. ರಟ್ಟಿನ ಬಣ್ಣದಿಂದಾಗಿ ‘ಆರೆಂಜ್ ಬುಕ್’ ಎಂದೇ ಹೆಸರಾದ ಪುಸ್ತಕ ಅದು. ಅದರ ಸಿ2 ಎಂಬ ದರ್ಜೆಗೆ ಒಂದು ಷರತ್ತು: ಮೆಮೊರಿಯಾಗಲಿ ಡಿಸ್ಕ್ ಆಗಲಿ, ಒಬ್ಬರು ಬಿಟ್ಟುಕೊಟ್ಟ ಜಾಗ ಇನ್ನೊಬ್ಬರ ಕೈಸೇರಿದಾಗ ಹಿಂದಿನವರ ಮಾಹಿತಿ ಅವರಿಗೆ ಸಿಗಬಾರದು. ಮೈಕ್ರೋಸಾಫ್ಟ್‌ನ ವಿಂಡೋಸ್ ಎನ್‌ಟಿ 3.5 ಈ ದರ್ಜೆಯನ್ನು 1995ರಲ್ಲಿ ಪಡೆಯಿತು. ಇಂದಿನ ವಿಂಡೋಸ್ ಅದೇ ವಂಶದ್ದು.

ನಿಯಮಕ್ಕೆ ಒಂದು ಕಿಂಡಿಯನ್ನೂ ಬಿಟ್ಟಿದ್ದಾರೆ. 100 ಜಿಬಿಯ ಡೇಟಾಬೇಸ್ ಫೈಲಿಗೆ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಸೊನ್ನೆ ತುಂಬಿದರೆ ಸುಮಾರು 1,000 ಸೆಕೆಂಡ್, ಅಂದರೆ ಹತ್ತಿರ ಹತ್ತಿರ 17 ನಿಮಿಷ ಬೇಕು. ಅಷ್ಟು ಹೊತ್ತು ಕಾಯಲಾಗದ ಸರ್ವರುಗಳಿಗಾಗಿ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2005ರಿಂದ ಸೊನ್ನೆ ತುಂಬುವ ಹಂತವನ್ನು ಬಿಟ್ಟು ಮುಂದೆ ಹೋಗುವ ಅವಕಾಶ ಇದೆ. ಆದರೆ ಅದಕ್ಕೆ ವಿಂಡೋಸ್‌ನಲ್ಲಿ ವಿಶೇಷ ಅಧಿಕಾರ ಬೇಕು. ಮಾಮೂಲಿ ಪ್ರೋಗ್ರಾಂಗೆ ಅದು ಸಿಗುವುದಿಲ್ಲ. ಹಳೆಯ ಡಿಲೀಟ್ ಆದ ಮಾಹಿತಿ ಹೊರಬೀಳಬಹುದು ಎಂಬ ಎಚ್ಚರಿಕೆಯನ್ನು ಕಂಪನಿಯೇ ಕೊಟ್ಟಿದೆ. ನಮ್ಮ ಫೋನಿನ ಆ್ಯಪ್‌ಗಳಿಗೆ ಇಂಥ ಕಿಂಡಿ ಇಲ್ಲ.

ಮತ್ತೆ ರಿಕವರಿ ಅಂಗಡಿಯವರು ಫೋಟೋ ತೆಗೆಯುವುದು ಹೇಗೆ?

ಗುಮಾಸ್ತರನ್ನು ದಾಟಿ ನೇರ ಹೊಲಕ್ಕೇ ಇಳಿಯುವುದರಿಂದ. ಸೊನ್ನೆ ತೋರಿಸುವುದು ಆಪರೇಟಿಂಗ್ ಸಿಸ್ಟಂ. ಮೆಮೊರಿ ಕಾರ್ಡನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ, ಫೈಲ್ ಸಿಸ್ಟಂನ ಲೆಕ್ಕವನ್ನು ಬದಿಗಿಟ್ಟು, ಬ್ಲಾಕ್‌ಗಳನ್ನು ಒಂದೊಂದಾಗಿ ನೇರವಾಗಿ ಓದಿದರೆ ಅಲ್ಲಿ ಉಳಿದದ್ದೆಲ್ಲ ಕಾಣುತ್ತದೆ. ರಿಕವರಿ ಸಾಫ್ಟ್‌ವೇರ್ ಮಾಡುವುದು ಇದನ್ನೇ.

ಇದರ ಪರಿಣಾಮ ಎಷ್ಟೆಂದು ತೋರಿಸಿದ ಅಧ್ಯಯನಗಳಿವೆ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ 158 ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ತೆರೆದು ನೋಡಿದರು. 2003ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಕೆಲಸ ಮಾಡುತ್ತಿದ್ದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಿಂದ ಸಿಕ್ಕ ಕ್ರೆಡಿಟ್ ಕಾರ್ಡ್ ಸಂಖ್ಯೆಗಳೇ 5,000ಕ್ಕೂ ಹೆಚ್ಚು.

ಫೋನುಗಳ ಕಥೆ ಬಂದದ್ದು ಆಮೇಲೆ. 2014ರಲ್ಲಿ ಅವಾಸ್ಟ್ ಎಂಬ ಭದ್ರತಾ ಕಂಪನಿ ಇ-ಬೇಯಲ್ಲಿ 20 ಹಳೆಯ ಆಂಡ್ರಾಯ್ಡ್ ಫೋನು ಕೊಂಡು 40,000ಕ್ಕೂ ಹೆಚ್ಚು ಫೋಟೋಗಳನ್ನು ಹೊರತೆಗೆಯಿತು. 2015ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಲೋರಾ ಸಿಮೋ ಮತ್ತು ರಾಸ್ ಆ್ಯಂಡರ್ಸನ್, ಐದು ಕಂಪನಿಗಳ 21 ಹಳೆಯ ಫೋನುಗಳನ್ನು ಪರೀಕ್ಷಿಸಿ, ಫ್ಯಾಕ್ಟರಿ ರೀಸೆಟ್ ಮಾಡಿದರೂ 50 ಕೋಟಿವರೆಗಿನ ಫೋನುಗಳಲ್ಲಿ ಮಾಹಿತಿ ಪೂರ್ತಿ ಅಳಿಯದಿರಬಹುದು ಎಂದು ಅಂದಾಜಿಸಿದರು.

ಫಾರ್ವರ್ಡ್ ಸಂದೇಶದ ಹೆದರಿಕೆಗೆ ಇಂಥ ಸುದ್ದಿಗಳೇ ಬೇರು. ಆದರೆ ಆ ಕೇಂಬ್ರಿಜ್ ಪರೀಕ್ಷೆಯ ಫೋನುಗಳಲ್ಲಿದ್ದದ್ದು ಆಂಡ್ರಾಯ್ಡ್ 2.3ರಿಂದ 4.3. ಆಮೇಲೆ ಎರಡು ಸಂಗತಿಗಳು ಬದಲಾದವು.

ಬದಲಾವಣೆ ಒಂದು: ಫ್ಲ್ಯಾಶ್ ಮೆಮೊರಿ ಮತ್ತು ಟ್ರಿಮ್

ಫೋನಿನಲ್ಲಿರುವುದು ಫ್ಲ್ಯಾಶ್ ಮೆಮೊರಿ. ಇದರಲ್ಲಿ ಬರೆದದ್ದರ ಮೇಲೆಯೇ ಮತ್ತೆ ಬರೆಯಲು ಬರುವುದಿಲ್ಲ. ಮೊದಲು ಅಳಿಸಬೇಕು, ಅಳಿಸುವುದೂ ದೊಡ್ಡ ದೊಡ್ಡ ತುಂಡುಗಳಲ್ಲಿ ಮಾತ್ರ ಸಾಧ್ಯ. ಜೊತೆಗೆ ಪ್ರತಿ ತುಂಡೂ ಇಂತಿಷ್ಟೇ ಸಲ ಅಳಿಸಿಕೊಳ್ಳಬಲ್ಲದು. ಅದಕ್ಕೇ ಒಳಗಿನ ನಿಯಂತ್ರಕ ಚಿಪ್ ಹೊಸದನ್ನು ಸದಾ ಬೇರೆ ಜಾಗದಲ್ಲಿ ಬರೆದು ಎಲ್ಲ ತುಂಡುಗಳೂ ಸಮವಾಗಿ ಸವೆಯುವಂತೆ ನೋಡಿಕೊಳ್ಳುತ್ತದೆ.

ಇದರಿಂದ ಒಂದು ವಿಚಿತ್ರ ಫಲ: ಫೈಲಿನ ಮೇಲೆ ಸೊನ್ನೆ ಬರೆದರೂ ಆ ಸೊನ್ನೆಗಳು ಬೇರೆಲ್ಲೋ ಹೋಗಿ ಕೂತು, ಹಳೆಯದು ಇದ್ದಲ್ಲೇ ಇರಬಹುದು. ಅಮೆರಿಕದ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಎಸ್‌ಎಸ್‌ಡಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ, ಒಂದೊಂದೇ ಫೈಲನ್ನು ಮೇಲೆ ಬರೆದು ಅಳಿಸುವ ಎಲ್ಲ ವಿಧಾನಗಳೂ ಸೋತವು, ಫೈಲಿನ ಶೇ. 4ರಿಂದ ಶೇ. 75ರಷ್ಟು ಭಾಗ ಚಿಪ್‌ಗಳಲ್ಲಿ ಉಳಿದಿತ್ತು. “ಈ ಆ್ಯಪ್ ಖಾಲಿ ಜಾಗವನ್ನು 35 ಬಾರಿ ತೊಳೆಯುತ್ತದೆ” ಎಂಬ ಭರವಸೆ ಇಲ್ಲಿಗೆ ಬಿದ್ದುಹೋಗುತ್ತದೆ. ಅದು ಫೋನಿನ ಮೆಮೊರಿಯನ್ನು ಸವೆಸುತ್ತದೆ, ಅಷ್ಟೆ.

ಒಳ್ಳೆಯ ಸುದ್ದಿಯೂ ಇದೆ. ‘ಈ ಬ್ಲಾಕ್‌ಗಳು ನನಗೆ ಇನ್ನು ಬೇಡ’ ಎಂದು ಆಪರೇಟಿಂಗ್ ಸಿಸ್ಟಂ ಚಿಪ್‌ಗೆ ಹೇಳುವ ಸೂಚನೆಗೆ ಟ್ರಿಮ್ ಎನ್ನುತ್ತಾರೆ. ಸೂಚನೆ ಸಿಕ್ಕಿದ ಮೇಲೆ ಚಿಪ್ ತನ್ನ ಬಿಡುವಿನಲ್ಲಿ ಆ ತುಂಡುಗಳನ್ನು ಅಳಿಸಿಕೊಳ್ಳುತ್ತದೆ. 2013ರ ಆಂಡ್ರಾಯ್ಡ್ 4.3ರಿಂದ, ನೀವು ಬಳಸದಿರುವ ಹೊತ್ತಿನಲ್ಲಿ ಫೋನ್ ಈ ಕೆಲಸವನ್ನು ತಾನಾಗಿ ಮಾಡುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ಮಲಗಿದಾಗ ಹಳೆಯ ಫೈಲುಗಳ ಅಂತಿಮ ಸಂಸ್ಕಾರ ನಡೆದುಹೋಗುತ್ತದೆ.

ಬದಲಾವಣೆ ಎರಡು: ಬೀಗ ಮತ್ತು ಕೀಲಿ

ಇದಕ್ಕಿಂತ ದೊಡ್ಡ ಬದಲಾವಣೆ ಎನ್‌ಕ್ರಿಪ್ಶನ್, ಅಂದರೆ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಇಡುವುದು. ಐಫೋನುಗಳಲ್ಲಿ 2009ರ 3ಜಿಎಸ್ ಮಾದರಿಯಿಂದ ಇದಕ್ಕಾಗಿ ಹಾರ್ಡ್‌ವೇರ್ ಇದೆ. ಆಂಡ್ರಾಯ್ಡ್ 6ರಿಂದ (2015) ಸಾಕಷ್ಟು ಸಾಮರ್ಥ್ಯದ ಹೊಸ ಫೋನುಗಳಿಗೆ ಇದು ಕಡ್ಡಾಯವಾಯಿತು. ಆಂಡ್ರಾಯ್ಡ್ 10ರಿಂದ (2019) ಕಡಿಮೆ ಬೆಲೆಯವೂ ಸೇರಿ ಎಲ್ಲ ಹೊಸ ಫೋನುಗಳಿಗೂ ಕಡ್ಡಾಯ.

ಈಗ ನಿಮ್ಮ ಫೋಟೋ ಮೆಮೊರಿಗೆ ಹೋಗುವಾಗಲೇ ಗೂಢಲಿಪಿಯಾಗಿ ಹೋಗುತ್ತದೆ. ಓದಲು ಕೀಲಿ ಬೇಕು, ಕೀಲಿ ಫೋನಿನ ಒಳಗೇ ಭದ್ರವಾಗಿರುತ್ತದೆ. ಚಿಪ್ ಬಿಚ್ಚಿ ಓದಿದರೂ ಸಿಗುವುದು ಅರ್ಥವಿಲ್ಲದ ಬೈಟ್‌ಗಳು. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಫೋನ್ ಮೊದಲು ನಾಶ ಮಾಡುವುದು ಕೀಲಿಯನ್ನು. 128 ಜಿಬಿಯನ್ನೂ ಸೊನ್ನೆ ಮಾಡುವ ಅಗತ್ಯ ಬೀಳುವುದಿಲ್ಲ. ಉಳಿದದ್ದು ಉಳಿದರೂ ಅದನ್ನು ಓದುವ ಬಗೆ ಫೋನಿನ ಮಾಲೀಕರಿಗೂ ಗೊತ್ತಿರುವುದಿಲ್ಲ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2014ರ ತನ್ನ ಮಾರ್ಗಸೂಚಿಯಲ್ಲಿ ಈ ವಿಧಾನವನ್ನು ಒಪ್ಪಿಕೊಂಡಿದೆ.

ಹಾಗಾದರೆ 35 ಬಾರಿ ಎಂಬ ಲೆಕ್ಕ ಎಲ್ಲಿಂದ ಬಂತು?

1996ರಲ್ಲಿ ಪೀಟರ್ ಗುಟ್‌ಮನ್ ಎಂಬ ತಜ್ಞರು ಬರೆದ ಪ್ರಬಂಧದಿಂದ. ಅಂದಿನ ಹಾರ್ಡ್ ಡಿಸ್ಕ್‌ಗಳಲ್ಲಿ ಬೇರೆ ಬೇರೆ ತಂತ್ರಗಳು ಬಳಕೆಯಲ್ಲಿದ್ದವು. ಯಾವ ಡಿಸ್ಕ್‌ನಲ್ಲಿ ಯಾವ ತಂತ್ರವಿದೆ ಎಂದು ಗೊತ್ತಿಲ್ಲದಿದ್ದರೆ ಎಲ್ಲಕ್ಕೂ ಸರಿಹೋಗಲೆಂದು ಒಟ್ಟು 35 ಸಲದ ಪಟ್ಟಿ ಮಾಡಿದ್ದರು. ಯಾವ ಡಿಸ್ಕ್‌ಗೂ 35 ಸಲವೂ ಬೇಕಿಲ್ಲ ಎಂದು ಅವರೇ ಆಮೇಲೆ ಸ್ಪಷ್ಟಪಡಿಸಿದರು. ಇಂದಿನ ಹಾರ್ಡ್ ಡಿಸ್ಕ್‌ಗೆ ಸಾಮಾನ್ಯವಾಗಿ ಒಂದೇ ಸಲ ಪೂರ್ತಿ ಮೇಲೆ ಬರೆದರೆ ಸಾಕು. ವಿಂಡೋಸ್ ವಿಸ್ತಾದಿಂದ ಈಚೆಗೆ ‘ಕ್ವಿಕ್ ಫಾರ್ಮ್ಯಾಟ್’ ಎಂಬ ಟಿಕ್ ತೆಗೆದು ಫಾರ್ಮ್ಯಾಟ್ ಮಾಡಿದರೆ ಅದು ಡಿಸ್ಕ್ ತುಂಬ ಸೊನ್ನೆ ಬರೆಯುತ್ತದೆ. ಕ್ವಿಕ್ ಫಾರ್ಮ್ಯಾಟ್ ಆದರೆ ಪಹಣಿ ಪುಸ್ತಕ ಮಾತ್ರ ಹೊಸದು. ಹೊಲದ ರಾಗಿ ಹಾಗೇ ಇರುತ್ತದೆ.

ಹಳೆಯ ಫೋನ್ ಮಾರುವ, ಎಕ್ಸ್‌ಚೇಂಜ್‌ಗೆ ಕೊಡುವ ಮುನ್ನ

1. ಬೇಕಾದ ಫೋಟೋ, ಸಂಪರ್ಕ ಸಂಖ್ಯೆ, ವಾಟ್ಸ್ಆ್ಯಪ್ ಮಾತುಕತೆಗಳನ್ನು ಬ್ಯಾಕಪ್ ಮಾಡಿಕೊಳ್ಳಿ. ಸರಿಯಾಗಿ ಬಂದಿದೆಯೇ ಎಂದು ಹೊಸ ಫೋನಿನಲ್ಲಿ ತೆರೆದು ನೋಡಿ.

2. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಮೆಮೊರಿ ಕಾರ್ಡ್ ಸಾಮಾನ್ಯವಾಗಿ ಎನ್‌ಕ್ರಿಪ್ಟ್ ಆಗಿರುವುದಿಲ್ಲ. ಫೋನ್ ಕೊಟ್ಟರೂ ಕಾರ್ಡ್ ಕೊಡದಿರುವುದೇ ಕ್ಷೇಮ.

3. ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬನ್ನಿ. ಇಲ್ಲದಿದ್ದರೆ ಕೊಂಡವರು ಫೋನ್ ಬಳಸಲಾಗದೆ ನಿಮ್ಮ ಪಾಸ್‌ವರ್ಡ್ ಕೇಳಿಕೊಂಡು ಬರುತ್ತಾರೆ.

4. ಫೋಟೋಗಳನ್ನು ಒಂದೊಂದಾಗಿ ಡಿಲೀಟ್ ಮಾಡಿ ಸುಮ್ಮನಾಗಬೇಡಿ. ಸೆಟ್ಟಿಂಗ್ಸ್‌ಗೆ ಹೋಗಿ ಪೂರ್ತಿ ಫ್ಯಾಕ್ಟರಿ ರೀಸೆಟ್ ಮಾಡಿ.

5. ಫೋನ್ ಆಂಡ್ರಾಯ್ಡ್ 6ಕ್ಕಿಂತ ಹಳೆಯದಾದರೆ, ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ‘ಎನ್‌ಕ್ರಿಪ್ಟ್ ಫೋನ್’ ಇದೆಯೇ ನೋಡಿ. ಮೊದಲು ಅದನ್ನು ಮಾಡಿ, ಆಮೇಲೆ ರೀಸೆಟ್ ಮಾಡಿ. ಆ ಸೌಲಭ್ಯವೇ ಇಲ್ಲದಿದ್ದರೆ, ಅಥವಾ ಸ್ಕ್ರೀನ್ ಒಡೆದು ರೀಸೆಟ್ ಮಾಡಲಾಗದಿದ್ದರೆ, ಅಂಥ ಫೋನು ಕೊಟ್ಟು ಸಿಗುವ ಕೆಲವು ನೂರು ರೂಪಾಯಿಗಿಂತ ಅದು ಮನೆಯ ಬೀರುವಿನಲ್ಲಿರುವುದೇ ಲೇಸು.

6. ರಿಪೇರಿಗೆ ಕೊಡುವಾಗ ಫೋನಿನ ಪಿನ್ ಬರೆದುಕೊಡುವ ಮುನ್ನ ಯೋಚಿಸಿ. ಪಿನ್ ಕೊಟ್ಟಿರೆಂದರೆ ಕೀಲಿಯನ್ನೇ ಕೊಟ್ಟಂತೆ. ಆಮೇಲೆ ಮೇಲಿನ ಯಾವ ರಕ್ಷಣೆಯೂ ಲೆಕ್ಕಕ್ಕಿಲ್ಲ. ಕೆಲವು ಫೋನುಗಳಲ್ಲಿ ರಿಪೇರಿಗೆಂದೇ ಪ್ರತ್ಯೇಕ ಮೋಡ್ ಇದೆ, ಇದ್ದರೆ ಬಳಸಿ.

ಇದೇ ತಿಳಿವಳಿಕೆ ಇನ್ನೊಂದು ಕಡೆಗೂ ಉಪಯೋಗಕ್ಕೆ ಬರುತ್ತದೆ. ಮದುವೆಯ ಫೋಟೋ ಇದ್ದ ಮೆಮೊರಿ ಕಾರ್ಡ್ ಕೈತಪ್ಪಿ ಡಿಲೀಟ್ ಆಯಿತೇ? ತಕ್ಷಣ ಆ ಕಾರ್ಡಿನಲ್ಲಿ ಫೋಟೋ ತೆಗೆಯುವುದನ್ನು ನಿಲ್ಲಿಸಿ, ಹೊರತೆಗೆದು ಇಡಿ. ಹೊಸದೇನೂ ಬರೆಯದಿದ್ದರೆ ಹಳೆಯದು ಇನ್ನೂ ಅಲ್ಲಿರುವ ಸಾಧ್ಯತೆ ಹೆಚ್ಚು, ರಿಕವರಿ ಸಾಫ್ಟ್‌ವೇರಿನಿಂದ ಮರಳಿ ಸಿಗಬಹುದು. ಫೋನಿನ ಒಳಗಿನ ಮೆಮೊರಿಯದಾದರೆ ಮಾತ್ರ ಕಸದ ಬುಟ್ಟಿ ಮತ್ತು ಬ್ಯಾಕಪ್ ಬಿಟ್ಟರೆ ಆಸೆ ತೀರಾ ಕಡಿಮೆ.

“ನಿನ್ನ ಡಿಲೀಟ್ ಆದ ಫೋಟೋಗಳು ನಮ್ಮ ಬಳಿ ಇವೆ, ಹಣ ಕಳಿಸು” ಎಂದು ಅಪರಿಚಿತರು ಬೆದರಿಸಿದರೆ ಮೇಲೆ ಓದಿದ್ದನ್ನು ನೆನಪಿಸಿಕೊಳ್ಳಿ. ದೂರದಲ್ಲಿ ಕೂತವರು ನಿಮ್ಮ ಫೋನಿನ ಖಾಲಿ ಜಾಗದಿಂದ ಹಾಗೆ ಫೋಟೋ ತೆಗೆಯಲು ಬರುವುದಿಲ್ಲ. ಅವರ ಬಳಿ ಏನಾದರೂ ಇದ್ದರೂ ಅದು ಕ್ಲೌಡ್ ಖಾತೆಯಿಂದಲೋ, ಅನುಮತಿ ಪಡೆದ ಆ್ಯಪ್‌ನಿಂದಲೋ, ನೀವು ಕಳಿಸಿದವರಿಂದಲೋ ಹೋಗಿರಬೇಕು. ಹಣ ಕಳಿಸಬೇಡಿ, ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೊಲೀಸರಿಗೆ ಅಥವಾ 1930 ಸಹಾಯವಾಣಿಗೆ ತಿಳಿಸಿ.

ಗ್ರೂಪಿನಲ್ಲಿ ಆ ಸಂದೇಶ ಮತ್ತೆ ಬಂದರೆ ಹೀಗೆ ಉತ್ತರಿಸಬಹುದು: “ಡಿಲೀಟ್ ಮಾಡಿದ ಕೂಡಲೇ ಅಳಿಯುವುದಿಲ್ಲ ಅನ್ನುವುದು ನಿಜ. ಆದರೆ ಬೇರೆ ಆ್ಯಪ್‌ಗೆ ಅದು ಕಾಣುವುದಿಲ್ಲ. ಈಗಿನ ಫೋನ್ ಪೂರ್ತಿ ರೀಸೆಟ್ ಮಾಡಿದರೆ ಸಾಕು. ಮೆಮೊರಿ ಕಾರ್ಡ್ ಮಾತ್ರ ತೆಗೆದಿಟ್ಟುಕೊಳ್ಳಿ, ಪಿನ್ ಯಾರಿಗೂ ಕೊಡಬೇಡಿ.” ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.